ಸ್ಕೂಲ್ ಊಟದ ಖರ್ಚನ್ನ ಪೇರೆಂಟ್ಸ್ ಸೇರಿ ಹಂಚ್ಕೊಳ್ಳೋದು ಹೇಗೆ? ಲೆಕ್ಕ, ವಸೂಲಿ, ಬಾಕಿ ಎಲ್ಲಾ ಸೇರಿಸಿ

ಮಕ್ಳೆಲ್ಲಾ ಸ್ಕೂಲಲ್ಲೇ ಒಟ್ಟಿಗೆ ಬಿಸಿ ಊಟ ಮಾಡ್ಲಿ, ಖರ್ಚು ನಾವೆಲ್ಲಾ ಸೇರಿ ಹಾಕೋಣ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಯಾರಾದ್ರೂ ಎದ್ದು ಹೇಳಿದ್ರೆ ಅವತ್ತು ಎಲ್ರೂ ಹೂಂ ಅಂತಾರೆ. ಕಷ್ಟ ಶುರುವಾಗೋದು ಎರಡನೇ ತಿಂಗಳಿಂದ. ನನ್ನ ಮಗ ಒಂದು ವಾರ ಬಂದೇ ಇಲ್ಲ ನಾನ್ಯಾಕೆ ಪೂರ್ತಿ ಕೊಡ್ಲಿ, ಅವರ ಮನೇಲಿ ಇಬ್ರು ಮಕ್ಳು ಕೊಡೋದು ಒಬ್ಬರದ್ದು, ಬಾಕಿ ಇರೋರ ಲಿಸ್ಟ್ ಗ್ರೂಪಲ್ಲಿ ಹಾಕಿ ಅಂತ ಒಬ್ರು, ಹಾಕಿದ್ರೆ ನೋಡಿ ಅಂತ ಇನ್ನೊಬ್ರು. ಒಳ್ಳೆ ಮನಸ್ಸಿಂದ ಶುರುವಾದ ಕೆಲ್ಸ ಮುರ್ಕೊಂಡು ಬೀಳೋದು ಇಂಥ ಸಣ್ಣ ಸಣ್ಣ ವಿಷಯಕ್ಕೇ, ಅದಕ್ಕೇ ಇದನ್ನೆಲ್ಲಾ ಒಲೆ ಹಚ್ಚೋ ಮುಂಚೆನೇ ಕೂತು ಮಾತಾಡಿ ಬರೆದಿಟ್ಕೊಳ್ಬೇಕು.

ಒಂದು ನಿಯಮ ಮಾತ್ರ ಮೊದಲೇ ಹೇಳ್ಬಿಡ್ತೀನಿ, ಮುಂದೆ ಬರೋದೆಲ್ಲಾ ಅದರ ಮೇಲೇ ನಿಂತಿದೆ. ದುಡ್ಡಿನ ಮಾತು ದೊಡ್ಡೋರ ಮಧ್ಯೆನೇ ಇರ್ಬೇಕು, ಅದು ಮಗುವಿನ ತಟ್ಟೆ ಹತ್ರ ಬರೋ ಹಾಗಿಲ್ಲ. ಯಾವ ಮಗುವಿನ ಅಪ್ಪ ಅಮ್ಮ ಪೂರ್ತಿ ಕೊಟ್ಟಿದಾರೆ, ಯಾರು ಅರ್ಧ ಕೊಟ್ಟಿದಾರೆ, ಯಾರು ಏನೂ ಕೊಟ್ಟಿಲ್ಲ ಅನ್ನೋದು ಬಡಿಸೋರಿಗೆ ಗೊತ್ತಿರಬಾರ್ದು, ಪಕ್ಕದಲ್ಲಿ ಕೂತಿರೋ ಮಗುವಿಗೂ ಗೊತ್ತಾಗಬಾರ್ದು. ಇದನ್ನ ಒಪ್ಪದೇ ಇರೋ ಕಮಿಟಿ ಊಟ ಶುರು ಮಾಡ್ಲೇಬಾರ್ದು ಅಂತ ನನ್ನ ಅಭಿಪ್ರಾಯ.

ಮೊದಲು ನೋಡ್ಬೇಕಾದ್ದು: ಈಗಾಗ್ಲೇ ಯಾರು ಏನು ಕೊಡ್ತಿದಾರೆ

ದುಡ್ಡು ಎತ್ತೋ ಮುಂಚೆ ಕಾನೂನು ಏನು ಹೇಳತ್ತೆ ಅಂತ ತಿಳ್ಕೊಳಿ. ಭಾರತದಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 8ನೇ ಕ್ಲಾಸ್ ತನಕ ಮಧ್ಯಾಹ್ನದ ಊಟ ಫ್ರೀ, ಅದು ಮಗುವಿನ ಹಕ್ಕು, ಅಂಥ ಕಡೆ ಆ ಊಟಕ್ಕೆ ಅಂತ ಪೇರೆಂಟ್ಸ್ ಹತ್ರ ಪಾಲು ಕೇಳೋ ಪ್ರಶ್ನೆನೇ ಬರಲ್ಲ, ಯಾರಾದ್ರೂ ಕೇಳಿದ್ರೆ ಯಾಕೆ ಅಂತ ಕೇಳಿ. ಫಿನ್‌ಲ್ಯಾಂಡಲ್ಲಿ 1948ರಿಂದ ಎಲ್ಲಾ ಮಕ್ಳಿಗೂ ಸ್ಕೂಲ್ ಊಟ ಫ್ರೀ. ಅಮೆರಿಕಾದಲ್ಲಿ ಮೂರು ಹಂತ ಇದೆ: ಮನೆ ಆದಾಯ ಬಡತನ ರೇಖೆಯ ಶೇಕಡಾ 130ರ ಒಳಗಿದ್ರೆ ಫ್ರೀ, 130ರಿಂದ 185ರ ತನಕ ಇದ್ರೆ ಕಡಿಮೆ ರೇಟು, ಅದಕ್ಕಿಂತ ಮೇಲಿದ್ರೆ ಪೂರ್ತಿ ರೇಟು.

ನಮಗೆ ಹೆಚ್ಚು ಉಪಯೋಗಕ್ಕೆ ಬರೋದು ಜಪಾನ್ ಮಾಡ್ಕೊಂಡಿರೋ ಹಂಚಿಕೆ ಅನ್ಸತ್ತೆ. ಅಲ್ಲಿ 1954ರ ಸ್ಕೂಲ್ ಊಟದ ಕಾಯ್ದೆಲಿ ಅಡುಗೆ ಮನೆ, ಸಾಮಾನು, ಕೆಲಸದವರ ಸಂಬಳ ಇವೆಲ್ಲಾ ಸ್ಕೂಲ್ ನಡೆಸೋರ ಪಾಲಿಗೆ, ಉಳಿದಿದ್ದು ಅಂದ್ರೆ ಮುಖ್ಯವಾಗಿ ದಿನಸಿ ತರಕಾರಿ ಖರ್ಚು ಪೇರೆಂಟ್ಸ್ ಪಾಲಿಗೆ ಅಂತ ಗೆರೆ ಎಳೆದಿದಾರೆ. ಈಗ ಎಷ್ಟೋ ಊರುಗಳ ಆಡಳಿತ ಪೇರೆಂಟ್ಸ್ ಪಾಲನ್ನೂ ತಾನೇ ಹಾಕ್ಕೋತಿದೆ, ಅದು ಬೇರೆ ವಿಷಯ, ಆದ್ರೆ ಈ ಗೆರೆ ಮಾತ್ರ ತುಂಬಾ ಜಾಣತನದ್ದು. ಯಾಕೆ ಅಂತ ಮುಂದಿನ ಲೆಕ್ಕದಲ್ಲಿ ಗೊತ್ತಾಗತ್ತೆ. ನಿಮ್ಮ ಸ್ಕೂಲ್ ಮ್ಯಾನೇಜ್‌ಮೆಂಟ್ ಜೊತೆ ಮಾತಾಡುವಾಗ ಮೊದಲು ಕೇಳ್ಬೇಕಾದ್ದು ಇದನ್ನೇ, ಕಟ್ಟಡ, ಪಾತ್ರೆ, ನೀರು, ಕರೆಂಟು, ಅಡುಗೆಯವರ ಸಂಬಳ ಇದರಲ್ಲಿ ನೀವು ಎಷ್ಟು ಹಾಕ್ತೀರಾ ಅಂತ, ಮತ್ತೆ ಅದನ್ನ ಬಾಯಿ ಮಾತಲ್ಲಿ ಬಿಡದೆ ಒಂದು ಪತ್ರದಲ್ಲಿ ಬರೆಸ್ಕೊಳಿ.

ನಿಜವಾದ ಖರ್ಚು ಎಷ್ಟು

ಇಲ್ಲೇ ಬಹಳ ಜನ ಎಡವೋದು. ಒಂದು ತಟ್ಟೆಗೆ ಅಕ್ಕಿ ಬೇಳೆ ಎಣ್ಣೆ ತರಕಾರಿ ಸೇರಿಸಿ ಇಷ್ಟು ಅಂತ ಲೆಕ್ಕ ಹಾಕಿ ಅದನ್ನೇ ರೇಟು ಅಂತ ಹೇಳ್ಬಿಡ್ತಾರೆ, ಆಮೇಲೆ ಗ್ಯಾಸು, ಸಾಗಾಣಿಕೆ, ಪಾತ್ರೆ ತೊಳೆಯೋ ಸೋಪು, ಅಡುಗೆಯವರ ಸಂಬಳ ಅಂತ ಒಂದೊಂದೇ ಎದ್ದು ಬಂದಾಗ ಮತ್ತೆ ಮೀಟಿಂಗ್ ಕರ್ದು ರೇಟು ಏರಿಸ್ಬೇಕು, ಪೇರೆಂಟ್ಸಿಗೆ ನಂಬಿಕೆ ಹೋಗತ್ತೆ. ಅದಕ್ಕೇ ಖರ್ಚನ್ನ ಎರಡು ರಾಶಿ ಮಾಡಿ. ಮಕ್ಳು ಹೆಚ್ಚು ಕಡಿಮೆ ಆದ್ರೂ ಬದಲಾಗದೇ ಇರೋದು ಒಂದು ರಾಶಿ: ಸಂಬಳ, ಬಾಡಿಗೆ ಇದ್ರೆ ಬಾಡಿಗೆ, ರಿಪೇರಿ, ಕ್ಲೀನಿಂಗು. ತಟ್ಟೆಗೆ ತಕ್ಕ ಹಾಗೆ ಏರೋದು ಇಳಿಯೋದು ಇನ್ನೊಂದು ರಾಶಿ: ದಿನಸಿ, ತರಕಾರಿ, ಹೆಚ್ಚು ಕಮ್ಮಿ ಗ್ಯಾಸು ಕೂಡ.

ಒಂದು ಉದಾಹರಣೆ ಹಾಕ್ತೀನಿ, ನಂಬರ್ ಬರೀ ಲೆಕ್ಕ ತೋರ್ಸೋಕೆ, ಯಾವ ಊರಿನ ರೇಟೂ ಅಲ್ಲ. ಮಕ್ಳು 120 ಜನ, ವರ್ಷಕ್ಕೆ 200 ದಿನ ಊಟ, 10 ತಿಂಗಳಲ್ಲಿ ದುಡ್ಡು ಕಲೆಕ್ಟ್ ಮಾಡೋದು, ಅಂದ್ರೆ ಸರಾಸರಿ ತಿಂಗಳಿಗೆ 20 ದಿನ. ಒಂದು ತಟ್ಟೆಯ ದಿನಸಿ ಗ್ಯಾಸು ಎಲ್ಲಾ ಸೇರಿ 25 ಅಂದ್ರೆ ತಿಂಗಳಿಗೆ ಮಗುವಿಗೆ 500. ಸಂಬಳ ಮತ್ತಿತರ ಬದಲಾಗದ ಖರ್ಚು ತಿಂಗಳಿಗೆ 20000. ಆದ್ರೆ ಇದು ರಜೆ ತಿಂಗಳಲ್ಲೂ ಕೊಡ್ಬೇಕಾದ್ದು, ಅಡುಗೆಯವರಿಗೂ ಮನೆ ಇದೆ ಅಲ್ವಾ, ಎರಡು ತಿಂಗಳು ಸಂಬಳ ಇಲ್ಲ ಅಂದ್ರೆ ಅವ್ರು ಬೇರೆ ಕೆಲ್ಸ ನೋಡ್ಕೋತಾರೆ, ಒಳ್ಳೆ ಕೈ ಇರೋರು ಮತ್ತೆ ಸಿಗಲ್ಲ. ಹಾಗಾಗಿ 12 ತಿಂಗಳ 240000ನ 10 ತಿಂಗಳಲ್ಲಿ ಎತ್ತಬೇಕು, ತಿಂಗಳಿಗೆ 24000, ಮಗುವಿಗೆ 200. ಒಟ್ಟು 700.

ಈಗ 40 ಜನ ಮಕ್ಳು ಊಟ ಬಿಟ್ರು ಅನ್ಕೊಳಿ. ದಿನಸಿ 500 ಹಾಗೇ ಇರತ್ತೆ, ಆದ್ರೆ 24000ನ 80 ಜನರ ಮೇಲೆ ಹಾಕ್ಬೇಕು, ಮಗುವಿಗೆ 300, ಒಟ್ಟು 800. ರೇಟು ಜಾಸ್ತಿ ಆಯ್ತು ಅಂತ ಇನ್ನೂ 20 ಜನ ಬಿಟ್ರೆ 900. ಹೀಗೇ ಒಬ್ರಾದ ಮೇಲೆ ಒಬ್ರು ಬಿಡ್ತಾ ಹೋಗಿ ಕೊನೆಗೆ ಅಡುಗೆ ಮನೆಗೆ ಬೀಗ. ಊಟದ ವ್ಯವಸ್ಥೆ ನಿಲ್ಲೋದಕ್ಕೆ ಕಾರಣ ಜನ ಜಿಪುಣರು ಅಂತಲ್ಲ, ಈ ಗಣಿತ. ಜಪಾನ್ ಗೆರೆ ಜಾಣತನದ್ದು ಅಂದಿದ್ದು ಇದಕ್ಕೇ, ಬದಲಾಗದ ಖರ್ಚನ್ನ ಸ್ಕೂಲು ಹೊತ್ತ್ಕೊಂಡ್ರೆ ಎಷ್ಟು ಮಕ್ಳು ಬಂದ್ರೂ ಹೋದ್ರೂ ಪೇರೆಂಟ್ಸಿಗೆ ರೇಟು 500ರಲ್ಲೇ ನಿಲ್ಲತ್ತೆ. ಪೂರ್ತಿ ಆಗಲ್ಲ ಅಂದ್ರೂ ಸಂಬಳ ಮಾತ್ರನಾದ್ರೂ ಸ್ಕೂಲ್ ತಲೆಗೆ ಹೋಗೋ ಹಾಗೆ ಪಟ್ಟು ಹಿಡೀರಿ, ಆಗ್ದೇ ಇದ್ರೆ ವರ್ಷದ ಮೊದಲೇ ಎಷ್ಟು ಮಕ್ಳು ಅಂತ ಹೆಸರು ಬರೆಸ್ಕೊಂಡು, ಒಂದು ಟರ್ಮ್ ತನಕ ಬಿಡೋ ಹಾಗಿಲ್ಲ ಅಂತ ಒಪ್ಪಿಗೆ ತಗೊಳಿ.

ಮೊದಲ ಸಲ ಬೇಕಾಗೋ ದೊಡ್ಡ ಪಾತ್ರೆ, ಒಲೆ, ತಕ್ಕಡಿ, ಕಾಳು ಕಡ್ಡಿ ಇಡೋ ಡಬ್ಬಗಳು ಇದನ್ನ ತಿಂಗಳ ರೇಟಿಗೆ ಸೇರಿಸ್ಬೇಡಿ. ಅದಕ್ಕೆ ಒಂದೇ ಸಲ ಬೇರೆ ದುಡ್ಡು ಎತ್ತಿ, ದಾನ ಕೊಡೋರು ಇದ್ರೆ ಇದಕ್ಕೇ ಕೇಳಿ, ವಸ್ತು ಕೊಡಿಸೋಕೆ ಜನ ಬೇಗ ಒಪ್ಪಿಕೋತಾರೆ, ತಿಂಗಳ ತಿಂಗಳ ಸಂಬಳ ಕೊಡಿ ಅಂದ್ರೆ ಒಪ್ಪಲ್ಲ.

ಹಂಚೋದು ಹೇಗೆ

ಎಲ್ರೂ ಸಮ ಅಂತ ಹಂಚೋದು ಕೇಳೋಕೆ ನ್ಯಾಯ ಅನ್ಸತ್ತೆ, ಲೆಕ್ಕಾನೂ ಸುಲಭ. ಆದ್ರೆ ಒಬ್ಬರಿಗೆ 700 ಅನ್ನೋದು ಒಂದು ಮಧ್ಯಾಹ್ನದ ಖರ್ಚು, ಇನ್ನೊಬ್ಬರಿಗೆ ವಾರದ ಕೂಲಿ. ಸಮ ಅಂತ ಇಟ್ರೆ ಮೊದಲು ಊಟ ಬಿಡೋರು ಯಾರಿಗೆ ಈ ಊಟ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರ ಮಕ್ಳೇ. ತಿಂದ ದಿನಕ್ಕೆ ಮಾತ್ರ ಕೊಡಿ ಅನ್ನೋದು ಇನ್ನೊಂದು ದಾರಿ, ಅದು ನನಗೆ ಸುತರಾಂ ಇಷ್ಟ ಇಲ್ಲ, ಯಾಕಂದ್ರೆ ತಿಂಗಳ ಕೊನೇಲಿ ಕೈ ಖಾಲಿ ಆದಾಗ ಅಮ್ಮ ಇವತ್ತು ಊಟ ಬೇಡ ಅನ್ನು ಅಂತ ಮಗುವಿಗೆ ಹೇಳಿ ಕಳಿಸೋ ಪರಿಸ್ಥಿತಿ ಬರತ್ತೆ. ಜೊತೆಗೆ ಬೆಳಿಗ್ಗೆ ಎಷ್ಟು ಅಕ್ಕಿ ಹಾಕ್ಬೇಕು ಅಂತ ಅಡುಗೆಯವರಿಗೂ ಗೊತ್ತಾಗಲ್ಲ.

ನಾನು ಹೇಳೋದು ಸ್ಲ್ಯಾಬ್ ಮಾಡಿ ಅಂತ: ಪೂರ್ತಿ, ಅರ್ಧ, ಸೊನ್ನೆ. ಮೂರು ಸಾಕು, ಐದು ಆರು ಮಾಡಿದ್ರೆ ಚರ್ಚೆನೇ ಮುಗಿಯಲ್ಲ. ಮೇಲಿನ ಲೆಕ್ಕಾನೇ ತಗೊಳಿ, 120 ಮಕ್ಳಿಗೆ ತಿಂಗಳಿಗೆ ಒಟ್ಟು 84000 ಬೇಕು. 6 ಮಕ್ಳ ಮನೆಯಿಂದ ಏನೂ ಇಲ್ಲ, 18 ಮಕ್ಳ ಮನೆಯಿಂದ 350ರ ಹಾಗೆ 6300, ಉಳಿದ 77700ನ 96 ಜನ ಹಾಕ್ಬೇಕು, ತಲೆಗೆ 810ರ ಹತ್ರ ಬರತ್ತೆ. ಅದನ್ನ 850 ಅಂತ ಇಟ್ರೆ ತಿಂಗಳಿಗೆ 3900 ಉಳಿಯತ್ತೆ, ಒಟ್ಟು ಖರ್ಚಿನ ಶೇಕಡಾ 5ಕ್ಕೆ ಸ್ವಲ್ಪ ಕಮ್ಮಿ, ಎಣ್ಣೆ ರೇಟು ಏರಿದಾಗ, ಯಾರಾದ್ರೂ ಒಂದು ತಿಂಗಳು ಕೊಡೋಕೆ ಆಗ್ದೇ ಇದ್ದಾಗ ಕೈ ಹಿಡಿಯೋದು ಇದೇ ದುಡ್ಡು. ಪೂರ್ತಿ ಕೊಡೋರಿಗೆ ಇದನ್ನ ಮುಚ್ಚಿಡ್ಬೇಡಿ, ನಿಮ್ಮ 850ರಲ್ಲಿ 700 ನಿಮ್ಮ ಮಗುವಿಂದು, ಉಳಿದದ್ದು ಕೊಡೋಕೆ ಆಗದೇ ಇರೋರಿಗೂ ಅಡಚಣೆ ಬಂದಾಗ ಅಂತ ಎತ್ತಿಡೋಕೂ ಅಂತ ನೇರವಾಗಿ ಹೇಳಿ. ನೇರವಾಗಿ ಹೇಳಿದ್ರೆ ಜನ ಕೊಡ್ತಾರೆ, ಆಮೇಲೆ ಗೊತ್ತಾದ್ರೆ ಮಾತ್ರ ಸಿಟ್ಟು.

ಯಾರು ಯಾವ ಸ್ಲ್ಯಾಬು ಅಂತ ಯಾರು ಹೇಳ್ಬೇಕು? ಸಂಬಳದ ಚೀಟಿ ತನ್ನಿ, ಸರ್ಟಿಫಿಕೇಟ್ ತನ್ನಿ ಅಂತ ಶುರು ಮಾಡಿದ್ರೆ ನಿಜವಾಗ್ಲೂ ಕಷ್ಟ ಇರೋರು ಬರೋದೇ ಇಲ್ಲ, ನಾಚಿಕೆ ಪಟ್ಕೊಂಡು ದೂರ ಉಳೀತಾರೆ. ಫ್ರಾನ್ಸಲ್ಲಿ ಎಷ್ಟೋ ಊರಿನ ಸ್ಕೂಲ್ ಕ್ಯಾಂಟೀನುಗಳು ಮನೆಯ ಆದಾಯವನ್ನ ಮನೇಲಿರೋ ತಲೆಗಳ ಲೆಕ್ಕಕ್ಕೆ ಭಾಗ ಮಾಡಿ ಅದರ ಮೇಲೆ ರೇಟು ಇಡ್ತವೆ, ಆದ್ರೆ ಅವರ ಹತ್ರ ಸರ್ಕಾರದ ದಾಖಲೆ ಇದೆ, ನಾಲ್ಕು ಜನ ಪೇರೆಂಟ್ಸ್ ಕೂತು ಇನ್ನೊಬ್ಬರ ಮನೆ ಆದಾಯ ಬಗೆಯೋದು ಸರಿ ಹೋಗಲ್ಲ. ಆ ಲೆಕ್ಕದಲ್ಲಿ ಕಲಿಯೋ ವಿಷಯ ಒಂದಿದೆ, ಆದಾಯ ಮಾತ್ರ ನೋಡ್ಬಾರ್ದು, ಆ ಆದಾಯದಲ್ಲಿ ಎಷ್ಟು ಜನ ಉಣ್ಬೇಕು ಅನ್ನೋದೂ ನೋಡ್ಬೇಕು. ಅಣ್ಣ ತಂಗಿ ಇಬ್ರೂ ಇರೋ ಮನೆಗೆ ರಿಯಾಯ್ತಿ ಕೊಡ್ಬೇಕಾ ಅನ್ನೋ ಜಗಳಕ್ಕೂ ಉತ್ತರ ಇದೇ: ಎರಡನೇ ಮಗು ಅಂತ ತಾನಾಗೇ ಡಿಸ್ಕೌಂಟ್ ಬೇಡ, ಎರಡನೇ ಮಗುವೂ ಹೊಟ್ಟೆ ತುಂಬಾನೇ ಉಣ್ಣತ್ತೆ, ಆದ್ರೆ ಮಕ್ಳು ಜಾಸ್ತಿ ಇರೋದ್ರಿಂದ ಕಷ್ಟ ಅಂತಾದ್ರೆ ಅವ್ರು ಅರ್ಧದ ಸ್ಲ್ಯಾಬ್ ತಗೊಳ್ಲಿ.

ಸ್ಲ್ಯಾಬನ್ನ ಪೇರೆಂಟ್ಸೇ ಆರಿಸ್ಕೊಳ್ಲಿ. ಒಂದು ಚಿಕ್ಕ ಫಾರ್ಮು, ಅದರಲ್ಲಿ ಮೂರು ಬಾಕ್ಸು, ಟಿಕ್ ಮಾಡಿ ಮುಚ್ಚಿದ ಕವರಲ್ಲಿ ಕೊಡೋದು, ಕಾರಣ ಬರೆಯೋ ಜಾಗನೇ ಇರಬಾರ್ದು. ಎಲ್ಲರ ಕೈಗೂ ಒಂದೇ ಫಾರ್ಮು, ಪೂರ್ತಿ ಕೊಡೋರೂ ಕವರ್ ಕೊಡ್ಲೇಬೇಕು, ಆಗ ಕವರ್ ತಂದೋರೆಲ್ಲಾ ಬಡವರು ಅನ್ನೋ ಲೆಕ್ಕಾಚಾರ ಹುಟ್ಟಲ್ಲ. ಎಲ್ರೂ ಸೊನ್ನೆಗೇ ಟಿಕ್ ಹಾಕಿದ್ರೆ ಅಂತ ಭಯ ಇದ್ಯಾ? ಹಾಕಿದ್ರೆ ಮೊತ್ತ ಸೇರಲ್ಲ, ಆಗ ಹೆಸರು ಹೇಳದೆ ಇಷ್ಟು ಕೊರತೆ ಇದೆ, ಇನ್ನೊಂದ್ಸಲ ಯೋಚ್ನೆ ಮಾಡಿ ಅಂತ ಎಲ್ಲರಿಗೂ ಮತ್ತೆ ಫಾರ್ಮ್ ಕೊಡಿ.

ಅರ್ಧಕ್ಕಿಂತ ಹೆಚ್ಚು ಮನೆಯೋರಿಗೆ ಕೊಡೋಕೆ ಆಗಲ್ಲ ಅಂತ ಬಂದ್ರೆ ಸ್ಲ್ಯಾಬ್ ಗೀಬ್ ಬಿಟ್ಬಿಡಿ, ಉಳಿದೋರ ಮೇಲೆ ಹೊರೆ ಹಾಕಿ ಓಡಲ್ಲ. ಆಗ ಹೊರಗಿನ ದುಡ್ಡು ಹುಡುಕಿ ಎಲ್ಲರಿಗೂ ಫ್ರೀ ಮಾಡೋದೇ ಸರಿ. ಅಮೆರಿಕಾದಲ್ಲಿ 2010ರ ಕಾನೂನಿಂದ ಇಂಥದ್ದೇ ಒಂದು ದಾರಿ ಬಂತು, ಬೇರೆ ನೆರವಿನ ಯೋಜನೆಗಳ ಮೂಲಕ ಮೊದಲೇ ಗುರುತಾಗಿರೋ ಮಕ್ಳು ಇಷ್ಟು ಶೇಕಡಾ ಇದ್ರೆ ಇಡೀ ಸ್ಕೂಲಿಗೇ ಫ್ರೀ ಊಟ ಕೊಡಬಹುದು, ಮನೆ ಮನೆ ಫಾರ್ಮ್ ತುಂಬಿಸ್ಬೇಕಾಗಿಲ್ಲ. ಆ ಮಿತಿ ಮೊದಲು 40 ಇತ್ತು, 2023ರಲ್ಲಿ 25ಕ್ಕೆ ಇಳಿಸಿದ್ರು. ಎಲ್ಲರಿಗೂ ಅಂದಾಗ ಕಾಗದ ಪತ್ರನೂ ಕಮ್ಮಿ, ಮಕ್ಳ ಮಧ್ಯೆ ಭೇದಾನೂ ಇಲ್ಲ.

ದುಡ್ಡಿನ ಬದಲು ದಿನಸಿ, ಕೆಲಸ

ದುಡ್ಡು ಕೊಡೋಕೆ ಆಗಲ್ಲ ಆದ್ರೆ ಹೊಲದಲ್ಲಿ ಬೆಳೆದದ್ದು ಕೊಡ್ತೀನಿ ಅನ್ನೋರು ಇರ್ತಾರೆ, ಅದು ಒಳ್ಳೇದೇ, ಮಾನ ಉಳಿಯತ್ತೆ, ಅಡುಗೆ ಮನೆಗೂ ತಾಜಾ ಮಾಲು. ಒಂದೆರಡು ಎಚ್ಚರ ಬೇಕು. ಏನು ಬೇಕು ಅಂತ ಅಡುಗೆ ಮನೆ ಹೇಳ್ಬೇಕು, ಕೊಡೋರು ನಿರ್ಧರಿಸಿದ್ರೆ ಒಂದೇ ದಿನ ನಾಲ್ಕು ಮೂಟೆ ಒಂದೇ ತರಕಾರಿ ಬಂದು ಕೊಳೆಯತ್ತೆ. ತಂದಿದ್ದನ್ನ ತೂಕ ಮಾಡಿ, ಅವತ್ತಿನ ಮಾರ್ಕೆಟ್ ರೇಟಿಗೆ ಬೆಲೆ ಕಟ್ಟಿ, ದುಡ್ಡು ಬಂದ ಹಾಗೇ ರಸೀದಿ ಹರೀಬೇಕು. ಕೆಲಸದ ರೂಪದಲ್ಲಿ ಕೊಡೋರದ್ದೂ ಹಾಗೇ, ತರಕಾರಿ ಹೆಚ್ಚೋದು, ಸಾಮಾನು ತರೋದು, ಲೆಕ್ಕ ಬರೆಯೋದು, ಗಂಟೆಗೆ ಇಷ್ಟು ಅಂತ ಮೊದಲೇ ಗೊತ್ತು ಮಾಡಿ. ಆದ್ರೆ ಕೊಡೋಕೆ ಆಗಲ್ವಾ ಹಾಗಾದ್ರೆ ಬಂದು ಪಾತ್ರೆ ತೊಳೀರಿ ಅಂತ ಮಾತ್ರ ಯಾರಿಗೂ ಹೇಳೋ ಹಾಗಿಲ್ಲ, ಅದು ಪಾಲು ಕೇಳೋದಲ್ಲ, ಅವಮಾನ. ಸಮಯ ಕೊಡೋ ಅವಕಾಶ ಪೂರ್ತಿ ದುಡ್ಡು ಕೊಡೋರಿಗೂ ಇರ್ಲಿ, ಎಲ್ರೂ ಒಟ್ಟಿಗೆ ತರಕಾರಿ ಹೆಚ್ಚಲಿ.

ವಸೂಲಿ

ದುಡ್ಡನ್ನ ಮಗುವಿನ ಕೈಲಿ ಕಳಿಸೋ ಪದ್ಧತಿ ಬೇಡ. ಕ್ಲಾಸ್ ಟೀಚರ್ ಹೆಸರು ಕೂಗಿ ಊಟದ ದುಡ್ಡು ತಂದ್ಯಾ ಅಂತ ಕೇಳೋದಂತೂ ಬೇಡವೇ ಬೇಡ. ಅಪ್ಪ ಅಮ್ಮನಿಂದ ನೇರವಾಗಿ ಬ್ಯಾಂಕ್ ಅಕೌಂಟಿಗೆ, ಮೊಬೈಲಲ್ಲಿ ಪೇಮೆಂಟ್ ಮಾಡೋಕೆ ಬರದೋರಿಗೆ ತಿಂಗಳಲ್ಲಿ ಎರಡು ದಿನ ಆಫೀಸಲ್ಲಿ ಕ್ಯಾಶ್ ಕಟ್ಟೋ ಸಮಯ. ಅಕೌಂಟ್ ಯಾರ ಸ್ವಂತ ಹೆಸರಲ್ಲೂ ಬೇಡ, ಎಷ್ಟೇ ಒಳ್ಳೆಯವರಾದ್ರೂ ಬೇಡ, ಊಟದ ಕಮಿಟಿ ಹೆಸರಲ್ಲಿ ಇರ್ಲಿ, ದುಡ್ಡು ತೆಗೆಯೋಕೆ ಇಬ್ಬರ ಸೈನ್ ಬೇಕು, ಅವರಲ್ಲಿ ಒಬ್ರು ಪೇರೆಂಟ್, ಒಬ್ರು ಸ್ಕೂಲ್ ಕಡೆಯವರು. ಇಬ್ರೂ ಒಂದೇ ಮನೆಯೋರು ಆಗ್ಬಾರ್ದು.

ಮನೆ ಮನೆಗೂ ಒಂದೊಂದು ನಂಬರ್ ಕೊಡಿ, ರಸೀದಿಲಿ ನಂಬರ್ ಇರ್ಲಿ ಹೆಸರು ಬೇಡ. ಯಾವ ನಂಬರ್ ಯಾರದ್ದು, ಯಾರು ಯಾವ ಸ್ಲ್ಯಾಬು ಅನ್ನೋ ಪುಸ್ತಕ ಒಬ್ಬ ಖಜಾಂಚಿ ಹತ್ರ ಮಾತ್ರ, ಇನ್ನೊಬ್ರು ಅವರಿಗೆ ಬದಲಿ, ಅಷ್ಟೇ. ಕಮಿಟಿಯ ಉಳಿದೋರೂ ಅದನ್ನ ನೋಡೋ ಹಾಗಿಲ್ಲ. ಕೊಟ್ಟೋರು ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕ್ತಾ ಹೋದ್ರೆ ಹಾಕದೇ ಇರೋರು ಯಾರು ಅಂತ ತಾನಾಗೇ ಗೊತ್ತಾಗತ್ತೆ, ಹಾಗಾಗಿ ಸ್ಕ್ರೀನ್‌ಶಾಟ್ ಖಜಾಂಚಿಗೆ ಮಾತ್ರ ಅಂತ ಮೊದಲ ದಿನಾನೇ ಹೇಳ್ಬಿಡಿ.

ಕಂತು ಎಷ್ಟಕ್ಕೊಂದು ಅನ್ನೋದನ್ನ ಜನರ ದುಡಿಮೆ ನೋಡಿ ಇಡಿ. ತಿಂಗಳ ಸಂಬಳದೋರಿಗೆ ತಿಂಗಳಿಗೆ, ದಿನಗೂಲಿಯವರಿಗೆ ವಾರಕ್ಕೆ, ಬೆಳೆ ಬಂದಾಗ ಕೈಗೆ ದುಡ್ಡು ಬರೋರಿಗೆ ವರ್ಷಕ್ಕೆ ಎರಡು ಸಲ. ಖಜಾಂಚಿಗೆ ಸ್ವಲ್ಪ ಕೆಲ್ಸ ಜಾಸ್ತಿ, ಆದ್ರೆ ಬಾಕಿ ಕಮ್ಮಿ ಆಗತ್ತೆ.

ಅಪ್ಪ ಅಮ್ಮ ಬೇರೆ ಬೇರೆ ಇರೋ ಮನೆಗಳಲ್ಲಿ ಇಬ್ಬರ ಹೆಸರಲ್ಲೂ ಅರ್ಧರ್ಧ ಕಂತು ಮಾಡ್ಕೊಡಿ, ಇಬ್ಬರಿಗೂ ಬೇರೆ ಬೇರೆ ಮೆಸೇಜ್, ಒಬ್ಬರ ಬಾಕಿ ಬಗ್ಗೆ ಇನ್ನೊಬ್ಬರಿಗೆ ಹೇಳೋಕೆ ಹೋಗ್ಬೇಡಿ, ಅಪ್ಪನ ಹತ್ರ ಕೇಳು ಅಂತ ಮಗುವಿನ ಮೂಲಕ ಹೇಳಿ ಕಳಿಸ್ಲೇಬೇಡಿ.

ರಜೆ ಹಾಕಿದ ದಿನದ ದುಡ್ಡು ವಾಪಸ್ ಕೇಳೋರಿಗೆ ಏನು ಹೇಳೋದು? 5 ದಿನ ಅಥವಾ ಹೆಚ್ಚು ರಜೆ, ಮೊದಲೇ ತಿಳಿಸಿದ್ರೆ, ದಿನಸಿ ಭಾಗ ಮಾತ್ರ ವಾಪಸ್, ನಮ್ಮ ಲೆಕ್ಕದಲ್ಲಿ ಪೂರ್ತಿ ಕೊಡೋರಿಗೆ ದಿನಕ್ಕೆ 25ರ ಹಾಗೆ 125, ಅದೂ ಮುಂದಿನ ಕಂತಲ್ಲಿ ಕಡಿಮೆ ಮಾಡೋದು. ಒಂದೆರಡು ದಿನದ್ದಕ್ಕೆ ಲೆಕ್ಕ ಇಡೋಕೆ ಹೋದ್ರೆ ಖಜಾಂಚಿ ಎರಡೇ ತಿಂಗಳಿಗೆ ಕೈ ಮುಗೀತಾರೆ.

ಕೊಡದೇ ಇದ್ರೆ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಬಾಕಿ ಇರೋ ಮಗುವಿಗೆ ಊಟ ನಿಲ್ಸೋದು, ಬೇರೆ ಸಾಲಲ್ಲಿ ನಿಲ್ಸೋದು, ಬೇರೆ ಬಣ್ಣದ ಟೋಕನ್ ಕೊಡೋದು, ಒಂದು ಪದಾರ್ಥ ಕಮ್ಮಿ ಬಡಿಸೋದು, ಕೈ ಮೇಲೆ ಸೀಲ್ ಹೊಡೆದು ಕಳಿಸೋದು, ಇದೆಲ್ಲಾ ನಿಜವಾಗಿ ನಡೆದಿರೋ ವಿಷಯಗಳು. ಅಮೆರಿಕಾದಲ್ಲಿ ಬಾಕಿ ಇದೆ ಅಂತ ಮಗು ಮುಂದೆ ಇದ್ದ ಬಿಸಿ ಊಟ ಕಿತ್ತು ಕಸಕ್ಕೆ ಹಾಕಿರೋದೂ ಉಂಟು, ಜನ ಸಿಟ್ಟಿಗೆದ್ದು 2017ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಊಟದ ಬಾಕಿಗೆ ಮಕ್ಳನ್ನ ಅವಮಾನ ಮಾಡೋದನ್ನ ಕಾನೂನು ಮಾಡಿ ನಿಷೇಧಿಸ್ತು. ಫ್ರೀ ಊಟದ ಮಕ್ಳು ಯಾರು ಅಂತ ಎದ್ದು ಕಾಣೋ ಹಾಗೆ ಮಾಡಬಾರ್ದು ಅನ್ನೋದು ಅಲ್ಲಿ ದೇಶದ ಕಾನೂನಲ್ಲೇ ಇದೆ. ಆ ಮಗು ಏನ್ ತಪ್ಪು ಮಾಡಿತ್ತು ಹೇಳಿ? ಬಾಕಿ ಉಳಿಸಿರೋದು ದೊಡ್ಡೋರು, ಹಸಿವು ಮಗುವಿಂದು.

ಹಾಗಂತ ಬಾಕಿನ ಕೇಳ್ಲೇಬಾರ್ದು ಅಂತಲ್ಲ, ಕೇಳ್ಬೇಕು, ಕೊಡೋರಿಗೂ ಅನ್ಯಾಯ ಆಗ್ಬಾರ್ದಲ್ಲ. ಗಡುವು ದಾಟಿ ಒಂದು ವಾರಕ್ಕೆ ಖಜಾಂಚಿ ಒಂದು ಪರ್ಸನಲ್ ಮೆಸೇಜ್ ಹಾಕ್ಲಿ, ಹೀಗೆ: "ನಮಸ್ಕಾರ, ಈ ತಿಂಗಳ ಊಟದ ಕಂತು ಇನ್ನೂ ಬಂದಿಲ್ಲ, ಮರೆತಿದ್ರೆ ನೆನಪಿಸೋಣ ಅಂತ. ಅಡಚಣೆ ಇದ್ರೆ ಸ್ಲ್ಯಾಬ್ ಬದಲಾಯಿಸಬಹುದು, ನನಗೆ ಒಂದು ಮಾತು ಹೇಳಿದ್ರೆ ಸಾಕು, ಕಾರಣ ಹೇಳ್ಬೇಕಾಗಿಲ್ಲ. ಮಗುವಿನ ಊಟಕ್ಕೆ ಏನೂ ತೊಂದ್ರೆ ಇಲ್ಲ." ಆ ಕೊನೆ ವಾಕ್ಯ ಬಿಡ್ಬೇಡಿ, ಅಮ್ಮಂದಿರ ಎದೆ ಭಾರ ಇಳಿಯೋದು ಅದರಿಂದಾನೇ. ಎರಡನೇ ತಿಂಗಳೂ ಬರ್ಲಿಲ್ಲ ಅಂದ್ರೆ ಫೋನ್ ಮಾಡಿ, ಸಂಜೆ ಕೆಲ್ಸ ಮುಗಿದ ಮೇಲೆ, ಮಗು ಪಕ್ಕದಲ್ಲಿ ಇಲ್ದೇ ಇರೋ ಹೊತ್ತಲ್ಲಿ. ಮೂರನೇದಕ್ಕೆ ಕೂತು ಮಾತಾಡಿ ಬಾಕಿನ ಸಣ್ಣ ಕಂತು ಮಾಡ್ಕೊಡಿ ಅಥವಾ ಸೊನ್ನೆ ಸ್ಲ್ಯಾಬಿಗೆ ಹಾಕಿ. ಕೈಲಿ ಆಗತ್ತೆ ಆದ್ರೂ ಕೊಡ್ತಿಲ್ಲ ಅಂತ ಗೊತ್ತಿರೋರು ಒಬ್ರೋ ಇಬ್ರೋ ಇದ್ದೇ ಇರ್ತಾರೆ, ಅವರ ಮೇಲಿನ ಸಿಟ್ಟಿಗೆ ನಿಯಮ ಬಿಗಿ ಮಾಡೋಕೆ ಹೋಗ್ಬೇಡಿ, ಬಿಗಿ ಮಾಡಿದ ನಿಯಮ ಅವರಿಗೆ ತಾಕಲ್ಲ, ಇಲ್ಲದೋರಿಗೇ ತಾಕತ್ತೆ. ಬಾಕಿಗೋಸ್ಕರ ಮಾರ್ಕ್ಸ್ ಕಾರ್ಡ್ ತಡೆಹಿಡಿಯೋದು, ಟಿಸಿ ಕೊಡಲ್ಲ ಅನ್ನೋದು ಇವೂ ಬೇಡ.

ಎಲ್ಲಿ ಉಳಿಸ್ಬಾರ್ದು

ಖರ್ಚು ಇಳಿಸ್ಬೇಕು ಅಂದಾಗ ಮೊದಲ ಕತ್ತರಿ ಬೀಳೋದು ಬೇಳೆಗೆ, ತರಕಾರಿಗೆ, ಬರೀ ಅನ್ನ ಹೆಚ್ಚು ಮಾಡಿ ತಟ್ಟೆ ತುಂಬಿಸ್ತಾರೆ, ಹೊಟ್ಟೆ ತುಂಬತ್ತೆ ಮೈಗೆ ಏನೂ ಸಿಗಲ್ಲ. ಅಳತೆಗೆ ಒಂದು ಆಧಾರ ಬೇಕು ಅಂದ್ರೆ ಭಾರತದ ಸರ್ಕಾರಿ ಬಿಸಿಯೂಟದ ನಿಯಮ ನೋಡಿ: 1ರಿಂದ 5ನೇ ಕ್ಲಾಸಿಗೆ ಊಟಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, 100 ಗ್ರಾಂ ಧಾನ್ಯ. 6ರಿಂದ 8ಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು, 150 ಗ್ರಾಂ ಧಾನ್ಯ. ಇದರಿಂದ ಇನ್ನೊಂದೂ ಗೊತ್ತಾಗತ್ತೆ, ದೊಡ್ಡ ಮಕ್ಳು ಒಂದೂವರೆ ಪಟ್ಟು ಉಣ್ತಾರೆ, ಹಾಗಾಗಿ ಚಿಕ್ಕ ಮಕ್ಳ ಪೇರೆಂಟ್ಸ್ ನಮ್ದು ಜಾಸ್ತಿ ಆಯ್ತು ಅಂತ ಕೇಳಿದ್ರೆ ಅದ್ರಲ್ಲಿ ಅರ್ಥ ಇದೆ. ಬೇಕಿದ್ರೆ ಎರಡು ರೇಟು ಇಡಿ, ಇಲ್ಲಾಂದ್ರೆ ಎಲ್ಲಾ ಮಕ್ಳೂ ಒಂದಿನ ದೊಡ್ಡೋರಾಗ್ತಾರೆ, ಸರಿ ಹೋಗತ್ತೆ ಅಂತ ಒಂದೇ ರೇಟಿಗೆ ಒಪ್ಪಿಸಿ, ನನಗೆ ಎರಡನೇದೇ ಇಷ್ಟ.

ಶುಚಿಗೆ ಹಾಕೋ ದುಡ್ಡಲ್ಲಿ ಕಡಿತ ಬೇಡ. ಮಾಡಿದ ಅಡುಗೆ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರ್ದು, ಬಡಿಸೋ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಇರ್ಬೇಕು, ಅದಕ್ಕೆ ಮುಚ್ಚಳ ಇರೋ ಒಳ್ಳೆ ಪಾತ್ರೆ ಬೇಕು, ಸೋಪು ನೀರು ಬೇಕು. ಯಾವುದಾದ್ರೂ ಮಗುವಿಗೆ ಅಲರ್ಜಿ ಇದ್ದು ಬೇರೆ ಅಡುಗೆ ಮಾಡ್ಬೇಕಾದ್ರೆ ಆ ಹೆಚ್ಚುವರಿ ಖರ್ಚನ್ನ ಆ ಮನೆ ಮೇಲೆ ಹಾಕ್ಬೇಡಿ, ಎಲ್ಲರ ರಾಶಿಗೆ ಸೇರಿಸಿ, ಹಂಚಿದ್ರೆ ಅದು ಲೆಕ್ಕಕ್ಕೇ ಬರದಷ್ಟು ಸಣ್ಣದು.

ಉಳಿಸೋ ಜಾಗ ಬೇರೆ ಇದೆ. ಬೆಳಿಗ್ಗೆ ಮೊದಲ ಪೀರಿಯಡ್ ಹಾಜರಿ ಆದ ತಕ್ಷಣ ಸಂಖ್ಯೆ ಅಡುಗೆ ಮನೆಗೆ ಹೋದ್ರೆ ಅಳತೆ ಸರಿಯಾಗತ್ತೆ, ಇದೊಂದರಿಂದಾನೇ ಎಷ್ಟೋ ಅನ್ನ ಕಸಕ್ಕೆ ಹೋಗೋದು ತಪ್ಪತ್ತೆ. ಕಾಳು ಬೇಳೆ ಹೋಲ್‌ಸೇಲಲ್ಲಿ, ಮೂರು ಅಂಗಡಿ ರೇಟು ಕೇಳಿ, ಕಾಯ್ದಿಡೋಕೆ ಜಾಗ ಇರೋಷ್ಟೇ ತಗೊಳಿ.

ಲೆಕ್ಕ

ದಿನಾ ಮೂರು ನಂಬರ್ ಬರೀರಿ: ಎಷ್ಟು ಜನಕ್ಕೆ ಅಡುಗೆ ಆಯ್ತು, ಎಷ್ಟು ಜನ ಉಂಡ್ರು, ಎಷ್ಟು ಉಳೀತು. ಸ್ಟಾಕ್ ರಿಜಿಸ್ಟರಲ್ಲಿ ಒಳಗೆ ಬಂದದ್ದು ಹೊರಗೆ ಹೋದದ್ದು ತೂಕದ ಸಮೇತ. ಪ್ರತಿ ಬಿಲ್ಲೂ ಒಂದೇ ಫೈಲಲ್ಲಿ, ಬಿಲ್ ಕೊಡದೇ ಇರೋ ತರಕಾರಿಯವರ ಹತ್ರ ತಗೊಂಡಿದ್ದಕ್ಕೆ ವೋಚರ್ ಬರೆದು ಸೈನ್ ಹಾಕಿಸ್ಕೊಳಿ. ತಿಂಗಳಿಗೆ ಇಬ್ರು ಪೇರೆಂಟ್ಸ್ ಸರದಿ ಮೇಲೆ ಬಂದು ಮೊದಲೇ ಹೇಳದೆ ಒಂದು ದಿನ ಸ್ಟೋರ್ ರೂಮ್ ತೂಕ ಹಾಕಿ ಪುಸ್ತಕಕ್ಕೆ ತಾಳೆ ನೋಡ್ಲಿ, ಆಮೇಲೆ ಮಕ್ಳ ಜೊತೆ ಕೂತು ಅದೇ ಊಟ ಮಾಡ್ಲಿ. ಇದು ಅಡುಗೆಯವರ ಮೇಲಿನ ಅನುಮಾನ ಅಲ್ಲ ಅಂತ ಅವರಿಗೆ ಮೊದಲೇ ಬಿಡಿಸಿ ಹೇಳಿ, ಲೆಕ್ಕ ಸರಿ ಇದ್ರೆ ಅವರ ಮರ್ಯಾದೆನೂ ಕಾಪಾಡತ್ತೆ.

ತಿಂಗಳ ಕೊನೇಲಿ ಒಂದು ಪುಟದ ಹಾಳೆ ಎಲ್ಲರಿಗೂ: ಬಂದದ್ದು ಒಟ್ಟು, ಹೋದದ್ದು ಒಟ್ಟು, ಕೈಲಿರೋದು, ಒಂದು ತಟ್ಟೆಗೆ ಬಿದ್ದದ್ದು ಎಷ್ಟು. ಒಟ್ಟು ಮೊತ್ತ ಮಾತ್ರ, ಮನೆ ಮನೆಯದ್ದು ಅಲ್ಲ. ಸಾಮಾನಿನ ರೇಟು ಏರಿದ್ರೂ ಪಾಲಿನ ರೇಟು ಟರ್ಮ್ ಮಧ್ಯೆ ಮುಟ್ಟಬೇಡಿ, ಕಾದಿರಿಸಿದ ದುಡ್ಡಲ್ಲಿ ತೂಗಿಸಿ, ಟರ್ಮ್ ಶುರುವಿಗೆ ಬಿಲ್ ತೋರ್ಸಿ ಏರಿಸಿ.

ವರ್ಷದ ಕೊನೇಲಿ ಕಮಿಟಿಲಿ ಇಲ್ದೇ ಇರೋ, ಲೆಕ್ಕ ಗೊತ್ತಿರೋ ಒಬ್ರ ಕೈಲಿ ಪುಸ್ತಕ ಪೂರ್ತಿ ನೋಡಿಸಿ. ದುಡ್ಡು ಉಳಿದಿದ್ರೆ ಹಂಚಿ ವಾಪಸ್ ಕೊಡೋ ಬದಲು ಮುಂದಿನ ವರ್ಷದ ಮೊದಲ ತಿಂಗಳ ದಿನಸಿಗೆ ಇಡಿ, ಆ ತಿಂಗಳು ಕಂತು ಬರೋದು ಯಾವಾಗ್ಲೂ ತಡ. ಇನ್ನೂ ಬಾಕಿ ಇರೋದನ್ನ ಮುಂದಿನ ವರ್ಷಕ್ಕೆ ಎಳ್ಕೊಂಡು ಹೋಗದೆ ಕಾದಿರಿಸಿದ ದುಡ್ಡಲ್ಲಿ ತೀರಿಸಿ ಸೊನ್ನೆ ಮಾಡಿ. ಸ್ಕೂಲ್ ಬಿಟ್ಟು ಹೋಗೋ ಮಗುವಿನ ಮುಂಗಡ ಇದ್ರೆ ಲೆಕ್ಕ ಹಾಕಿ ವಾಪಸ್ ಕೊಟ್ಬಿಡಿ. ನಂಬರ್ ಯಾರದ್ದು ಅನ್ನೋ ಪುಸ್ತಕ ಹೊಸ ಖಜಾಂಚಿ ಕೈಗೆ ಕೊಡೋ ಮುಂಚೆ ಹಳೇ ಸ್ಲ್ಯಾಬಿನ ಹಾಳೆಗಳನ್ನ ಹರಿದು ಹಾಕಿ, ಹೊಸ ವರ್ಷಕ್ಕೆ ಎಲ್ಲಾ ಮನೆಗೂ ಮತ್ತೆ ಖಾಲಿ ಫಾರ್ಮು, ಮತ್ತೆ ಕವರು.